ಅಮ್ಮ ಟೈಲರ್ ಆಗಿದ್ದರು, ಅದನ್ನು ಐದು ನಿಮಿಷದಲ್ಲಿ ಹೇಗೆ ಹೇಳಲಿ?

ಮಡಿಕೆಗೆರೆ

ಅಮ್ಮ ಹೋಗಿ ಮೂರು ವಾರ ಆಯಿತು. ಮುಂದಿನ ಭಾನುವಾರ ಅವರನ್ನು ನೆನೆಯಲು ಎಲ್ಲರೂ ಸೇರುತ್ತಿದ್ದೇವೆ, ಮನೆಯವರ ಪರವಾಗಿ ನಾನು ಐದು ನಿಮಿಷ ಮಾತಾಡಬೇಕು. ಬರೆಯಲು ಕೂತರೆ ಕೈ ಓಡುತ್ತಿಲ್ಲ. ತಮ್ಮ ಒಂದು ಪುಟ ಬರೆದು ಕಳಿಸಿದ್ದಾನೆ. ಅದರಲ್ಲಿ ತ್ಯಾಗ ಅನ್ನುವ ಪದ ಆರು ಸಲ ಬಂದಿದೆ. ಹೊಲಿಗೆ ಅನ್ನುವ ಪದ ಒಂದೇ ಸಲ, ಅದೂ "ಹೊಲಿಗೆ ಮಾಡಿ ನಮ್ಮನ್ನು ಸಾಕಿದರು" ಅಂತ. ಓದಿ ನನಗೆ ಕೋಪ ಬಂತು. ಯಾಕೆ ಕೋಪ ಅಂತ ಅವನಿಗೆ ಸರಿಯಾಗಿ ಹೇಳಲೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮ 38 ವರ್ಷ ಟೈಲರ್ ಆಗಿದ್ದರು. ನನಗೆ ಏಳು ವರ್ಷ, ತಮ್ಮನಿಗೆ ಮೂರು. ಆಗ ಅಪ್ಪನ ಬೆನ್ನಿಗೆ ಪೆಟ್ಟಾಗಿ ಅವರು ಕೆಲಸ ಬಿಡಬೇಕಾಯಿತು. ಮದುವೆಗೆ ಮುಂಚೆ ಕಲಿತ ಹೊಲಿಗೆಯನ್ನು ಅಮ್ಮ ಆಗ ಮತ್ತೆ ಹಿಡಿದರು. ಮೊದಲ ನಾಲ್ಕು ವರ್ಷ ಬೇರೆಯವರಿಗೆ ಪೀಸ್ ಲೆಕ್ಕದಲ್ಲಿ ಕಾಲರ್ ಮಾಡಿಕೊಟ್ಟರು, ದಿನಾ ಬರೀ ಕಾಲರ್. ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರುಮಾಡಿದರು. ಶರ್ಟು, ಫ್ರಾಕು, ಬ್ಲೌಸು, ಶಾಲೆಯ ಯೂನಿಫಾರ್ಮು, ಆಲ್ಟರೇಷನ್, ಏನು ಬಂದರೂ ಇಲ್ಲ ಅನ್ನುತ್ತಿರಲಿಲ್ಲ.

ಹಗಲಲ್ಲಿ ಕಟಿಂಗ್ ಮತ್ತು ಮಷಿನ್. ರಾತ್ರಿ ಊಟ ಆದ ಮೇಲೆ ಕೈಕೆಲಸ, ಅಂದರೆ ಕಾಜಾ (ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆ), ಗುಂಡಿ, ಹೆಮ್ಮಿಂಗ್ (ಅಂಚು ಮಡಿಸಿ ಹೊಲಿಯುವುದು). ಕಪ್ಪು ಬಟ್ಟೆ ಮಾತ್ರ ರಾತ್ರಿ ಮುಟ್ಟುತ್ತಿರಲಿಲ್ಲ, "ಕಪ್ಪಿನ ಮೇಲೆ ಕಪ್ಪು ದಾರ ಕಾಣಲ್ಲ, ಅದು ಬೆಳಗ್ಗೆಗಿರಲಿ" ಅನ್ನುತ್ತಿದ್ದರು. ನಮ್ಮ ಬಟ್ಟೆ ಹೊಲಿಯುವಾಗ ಒಳಗೆ ಜಾಸ್ತಿ ಬಟ್ಟೆ ಬಿಡುತ್ತಿದ್ದರು. ನನ್ನ ಯೂನಿಫಾರ್ಮ್ ಸ್ಕರ್ಟಿನ ಅಂಚಲ್ಲಿ ಮೂರು ಮಡಿಕೆ ಇರುತ್ತಿತ್ತು, ವರ್ಷಕ್ಕೊಂದು ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಒಂದು ಕಡುಗೆರೆ ಉಳಿಯುತ್ತಿತ್ತು. ಆ ಗೆರೆ ಕಂಡರೆ ನನಗೆ ಆಗ ನಾಚಿಕೆ. ಬ್ಯಾಗನ್ನು ಮುಂದೆ ಹಿಡಿದು ನಡೆಯುತ್ತಿದ್ದೆ. ಅಮ್ಮ ಅದನ್ನು ಒಂದು ದಿನ ನೋಡಿಬಿಟ್ಟರು. ಏನೂ ಹೇಳಲಿಲ್ಲ. ಮುಂದಿನ ಸಲ ಗೆರೆಯ ಮೇಲೆ ಅದೇ ಬಣ್ಣದ ಒಂದು ಸಣ್ಣ ಪಟ್ಟಿ ಕೂರಿಸಿ ಹೊಲಿದಿದ್ದರು, ಅದು ಬೇಕೆಂದೇ ಮಾಡಿದ ಡಿಸೈನ್ ಥರ ಕಾಣುತ್ತಿತ್ತು. ಮರುವಾರ ಇಬ್ಬರು ಹುಡುಗಿಯರು ತಮಗೂ ಅಂಥದ್ದೇ ಬೇಕು ಅಂದರು.

ಇದನ್ನು ಬರೀ ತ್ಯಾಗ ಅಂತ ಕರೆದುಬಿಟ್ಟರೆ ಆ ಪಟ್ಟಿ ಎಲ್ಲಿಗೆ ಹೋಯಿತು ಹೇಳಿ?

ಇನ್ನೂ ಮೂರು ವಿಷಯ ತಲೆಯಲ್ಲಿದೆ. ಹೊಲಿದು ಮುಗಿಯದ ಏಳು ಬಟ್ಟೆ ಮನೆಯಲ್ಲಿವೆ, ಜನ ಕೇಳಲು ಹಿಂಜರಿಯುತ್ತಿದ್ದಾರೆ. ಅಳತೆ ಬರೆದ ಹನ್ನೊಂದು ಪುಸ್ತಕ ಇದೆ. ಮತ್ತೆ ಆ ಮಷಿನ್. ಇವನ್ನೆಲ್ಲ ಏನು ಮಾಡಲಿ?

ಬಿಳಿಹಾಳೆ

ಮೊದಲು, ನಿಮ್ಮ ಅಮ್ಮನ ವಿಷಯ ಕೇಳಿ ತುಂಬಾ ಬೇಜಾರಾಯಿತು. ನಾನು ಎರಡು ವರ್ಷದ ಹಿಂದೆ ನನ್ನ ದೊಡ್ಡಮ್ಮನ ಬಗ್ಗೆ ಹೀಗೇ ಮಾತಾಡಬೇಕಾಗಿ ಬಂತು. ಅವರು ಮರಗೆಲಸ ಮಾಡುತ್ತಿದ್ದರು, ಕುರ್ಚಿ ಮೇಜು ರಿಪೇರಿ. ನಾನು ಮಾಡಿದ ತಪ್ಪು ಏನಂದರೆ ಹುಟ್ಟಿದ್ದು, ಓದಿದ್ದು, ಮದುವೆ, ಮಕ್ಕಳು ಅಂತ ಸಾಲಾಗಿ ಹೇಳುತ್ತಾ ಹೋದೆ. ಕೆಲಸದ ವಿಷಯಕ್ಕೆ ಬರುವಷ್ಟರಲ್ಲಿ ಟೈಮ್ ಮುಗಿದಿತ್ತು. ಆಮೇಲೆ ಒಬ್ಬರು ಬಂದು, ಅವರು ಸರಿಮಾಡಿಕೊಟ್ಟ ತೊಟ್ಟಿಲಲ್ಲಿ ನಮ್ಮ ಮನೆಯ ನಾಲ್ಕು ಮಕ್ಕಳು ಮಲಗಿದವು ಅಂದರು. ನನ್ನ ಇಡೀ ಭಾಷಣಕ್ಕಿಂತ ಆ ಒಂದು ಮಾತು ದೊಡ್ಡದಿತ್ತು.

ಐದು ನಿಮಿಷಕ್ಕೆ ಒಂದೇ ಬಟ್ಟೆ ಸಾಕು. ಆ ಸ್ಕರ್ಟನ್ನೇ ಹೇಳಿ. ಬರೆದದ್ದನ್ನು ಒಂದು ಸಲ ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಂಡು. ಮನಸ್ಸಲ್ಲಿ ಓದುವ ವೇಗ ಬೇರೆ, ಅಳು ತಡೆದು ಓದುವ ವೇಗ ಬೇರೆ.

ಹಳೇಕತ್ತರಿ

ತಂಗೀ, ನಾನು ನಲವತ್ತು ವರ್ಷ ಕತ್ತರಿ ಹಿಡಿದವನು, ಈಗ ಬಿಟ್ಟಿದ್ದೇನೆ. ನೀವು ಬರೆದದ್ದು ಓದಿ ನಿಮ್ಮ ಅಮ್ಮ ಎಂಥ ಕೆಲಸಗಾರ್ತಿ ಅಂತ ಗೊತ್ತಾಯಿತು. ಕಾಲರ್‌ನಿಂದ ಶುರುಮಾಡಿದರು ಅಂದಿರಿ, ಅಲ್ವಾ? ಶರ್ಟಿನಲ್ಲಿ ಕಷ್ಟದ ಕೆಲಸ ಕಾಲರ್ರೇ. ಎರಡು ಮೂಲೆ ಒಂದೇ ಥರ ಬರಬೇಕು. ಮೇಲಿನ ಪದರ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು, ಇಲ್ಲದಿದ್ದರೆ ತುದಿ ಮೇಲಕ್ಕೆ ಸುರುಳುತ್ತದೆ. ನಾಲ್ಕು ವರ್ಷ ಬರೀ ಕಾಲರ್ ಹೊಲಿದ ಕೈ ಅಂದರೆ ಪಳಗಿದ ಕೈ. ಅದನ್ನು "ಬರೀ ಕಾಲರ್" ಅಂತ ಭಾನುವಾರ ಹೇಳಬೇಡಿ.

ಆದರೆ ಒಂದು ವಿಷಯ ನನಗೆ ಅರ್ಥ ಆಗಲಿಲ್ಲ. ಕಾಜಾ, ಹೆಮ್ಮಿಂಗ್ ರಾತ್ರಿಗೆ ಇಟ್ಟುಕೊಳ್ಳುತ್ತಿದ್ದರು ಅಂದಿರಿ. ನಾವೆಲ್ಲ ಮಾಡುತ್ತಿದ್ದದ್ದು ಇದಕ್ಕೆ ಉಲ್ಟಾ. ಮಷಿನ್ ಹೊಲಿಗೆಗೆ ಫೂಟ್ ಬಟ್ಟೆಯನ್ನು ಹಿಡಿದುಕೊಂಡಿರುತ್ತದೆ, ಅಂಚು ನೋಡಿಕೊಂಡರೆ ಸಾಕು, ಕಡಿಮೆ ಬೆಳಕಲ್ಲೂ ನೇರ ಬರುತ್ತದೆ. ಕಾಜಾ ಹಾಗಲ್ಲ. ಒಂದೊಂದು ಹೊಲಿಗೆಯೂ ಪಕ್ಕದ್ದಕ್ಕೆ ತಾಗಿ ಕೂರಬೇಕು, ಒಂದೊಂದು ಗಂಟೂ ಕಣ್ಣಿಗೆ ಕಾಣಬೇಕು. ನಾವು ಕಾಜಾ ಕೆಲಸಕ್ಕೆ ಬೆಳಗಿನ ಬೆಳಕನ್ನು ಕಾಯುತ್ತಿದ್ದೆವು. ಕಪ್ಪು ಬಟ್ಟೆ ಹಗಲಿಗೆ ಇಡುವಷ್ಟು ಕಣ್ಣಿನ ಕಾಳಜಿ ಇದ್ದವರು ಕಾಜಾ ಯಾಕೆ ರಾತ್ರಿಗೆ ಇಟ್ಟರು? ಏನೋ ಕಾರಣ ಇರಬೇಕು.

ಮಡಿಕೆಗೆರೆ

ಅಣ್ಣಾ, ಇದು ನನಗೆ ಯಾವತ್ತೂ ಹೊಳೆದಿರಲಿಲ್ಲ. ನಾನು ಅದು ಎಲ್ಲರೂ ಮಾಡುವ ಕ್ರಮ ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ಒಂದು ಸಲ ಕೇಳಿದ್ದೆ, ಕನ್ನಡಕ ಹಾಕಿಕೊಂಡು ದೀಪಕ್ಕೆ ಬಟ್ಟೆ ಹತ್ತಿರ ಹಿಡಿದಿದ್ದರು, ಇಷ್ಟು ಕಷ್ಟ ಯಾಕೆ ಅಂತ. "ರಾತ್ರಿಗೆ ಕೈಕೆಲಸವೇ ಸರಿ" ಅಂದಿದ್ದರು. ಅಷ್ಟೇ. ಅಮ್ಮ ಕಾರಣ ಕೊಡುವವರಲ್ಲ.

ಎಣ್ಣೆಡಬ್ಬಿ

ಮಷಿನ್ ಬಗ್ಗೆ ನಾನು ಹೇಳುತ್ತೇನೆ, ಅದೇ ನನ್ನ ಕೆಲಸ. ಕಾಲಲ್ಲಿ ತುಳಿಯುವ ಹಳೇ ಮಷಿನ್ ತಾನೇ? ದಯವಿಟ್ಟು ಅದನ್ನು ತೂಕಕ್ಕೆ ಹಾಕಬೇಡಿ. ಎರಕದ ಕಬ್ಬಿಣದ ಮೈ, ನೋಡಿಕೊಂಡರೆ ಇನ್ನೊಂದು ತಲೆಮಾರು ಓಡುತ್ತದೆ. ಸದ್ಯಕ್ಕೆ ಇಷ್ಟು ಮಾಡಿ. ಬೆಲ್ಟ್ ಚಕ್ರದಿಂದ ತೆಗೆದು ಸಡಿಲ ಬಿಡಿ. ಸೂಜಿ ತೆಗೆದಿಡಿ. ಫೂಟಿನ ಕೆಳಗೆ ಒಂದು ಹಳೇ ಬಟ್ಟೆಯ ತುಂಡು ಇಟ್ಟು ಇಳಿಸಿ. ಬಾಬಿನ್ ಕೇಸ್, ಅಂದರೆ ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ, ಬಿಚ್ಚಿ ಬ್ರಷ್‌ನಿಂದ ನೂಲಿನ ಧೂಳು ತೆಗೆಯಿರಿ, ಅಲ್ಲಿ ಕೂತ ಧೂಳು ತೇವ ಹಿಡಿದು ತುಕ್ಕು ತರುತ್ತದೆ. ಮಷಿನ್ ಎಣ್ಣೆಯನ್ನೇ ಹಾಕಿ. ಅಡುಗೆ ಎಣ್ಣೆ ಹಾಕಿದರೆ ಕೆಲವು ತಿಂಗಳಲ್ಲಿ ಅಂಟಾಗಿ ಚಕ್ರ ಹಿಡಿದುಕೊಳ್ಳುತ್ತದೆ.

ಇನ್ನೊಂದು. ಬಾಬಿನ್ ತೆಗೆಯುವ ಮುಂಚೆ ಅದರಲ್ಲಿ ಯಾವ ಬಣ್ಣದ ದಾರ ಇದೆ ನೋಡಿ. ಅದು ನಿಮ್ಮ ಅಮ್ಮ ಕೊನೆಗೆ ಹೊಲಿದ ಬಣ್ಣ. ನನಗೆ ರಿಪೇರಿಗೆ ಬರುವ ಮಷಿನ್‌ಗಳಲ್ಲಿ ಯಾರದ್ದೋ ಕೊನೆಯ ದಾರ ಹಾಗೇ ಇರುತ್ತದೆ, ನಾನು ಅದನ್ನು ಕಿತ್ತು ಬಿಸಾಡದೆ ಒಂದು ಕಾಗದಕ್ಕೆ ಸುತ್ತಿ ವಾಪಸ್ ಕೊಡುತ್ತೇನೆ.

ತಲೆಭಾಗದ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಸಿಂಗರ್‌ನಂಥ ಹಳೇ ಕಂಪನಿಯದ್ದಾದರೆ ಆ ನಂಬರ್ ನೋಡಿ ಯಾವ ವರ್ಷದ ಮಷಿನ್ ಅಂತ ಹೇಳಬಹುದು. ಅಮ್ಮ ಅದನ್ನು ಹೊಸದಾಗಿ ತಂದರೋ, ಅದಕ್ಕೂ ಮುಂಚೆ ಬೇರೆ ಯಾರದ್ದೋ ಕೈಯಲ್ಲಿ ಇತ್ತೋ?

ಮಡಿಕೆಗೆರೆ

ನೀಲಿ. ಶಾಲೆಯ ಯೂನಿಫಾರ್ಮಿನ ನೀಲಿ. ಇದನ್ನು ಟೈಪ್ ಮಾಡಲು ಹತ್ತು ನಿಮಿಷ ಬೇಕಾಯಿತು.

ಮಷಿನ್ ಹೊಸದಾಗಿ ತಂದದ್ದು, ಕಂತಿನ ಮೇಲೆ. ಪ್ರತಿ ತಿಂಗಳು ಕಂತು ಕಟ್ಟಿದ ಚೀಟಿಗಳನ್ನು ಅಮ್ಮ ಒಂದೇ ಒಂದು ಬಿಡದೆ ದಾರದಲ್ಲಿ ಪೋಣಿಸಿ ಇಟ್ಟಿದ್ದಾರೆ. ಕೊನೆಯ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ "ನಂದು" ಅಂತ ಬರೆದಿದೆ.

ಓದುಗಿ

"ನಂದು" ಅನ್ನುವ ಆ ಪದ ಭಾನುವಾರ ಖಂಡಿತ ಹೇಳಿ.

ಕಂತಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಐಸಾಕ್ ಸಿಂಗರ್ ತನ್ನ ಮಷಿನ್‌ಗೆ ಪೇಟೆಂಟ್ ಪಡೆದದ್ದು 1851ರಲ್ಲಿ. ಮಷಿನ್ ಚೆನ್ನಾಗಿತ್ತು, ಆದರೆ ಸಾಮಾನ್ಯ ಮನೆಯವರು ಒಂದೇ ಸಲ ದುಡ್ಡು ಕೊಟ್ಟು ತರುವ ಹಾಗಿರಲಿಲ್ಲ. 1856ರಲ್ಲಿ ಆ ಕಂಪನಿ ಕಂತಿನಲ್ಲಿ ಕೊಡಲು ಶುರುಮಾಡಿತು. ಮನೆಮನೆಗೆ ಮಷಿನ್ ಬಂದದ್ದು ಆ ದಾರಿಯಲ್ಲಿ. ಅಲ್ಲಿಂದ ಎಷ್ಟೊಂದು ಹೆಂಗಸರು, ಎಷ್ಟೊಂದು ದೇಶಗಳಲ್ಲಿ, ಇದೇ ಥರ ಕಂತು ಕಟ್ಟಿ ಇದೇ ಥರ ಮನೆ ನಡೆಸಿದ್ದಾರೆ. ಚೀಟಿ ಇಟ್ಟುಕೊಂಡವರು ಕಡಿಮೆ.

ನಿಮ್ಮ ತಮ್ಮನ ಪುಟ ಮತ್ತು ನಿಮ್ಮ ಕೋಪ, ಎರಡಕ್ಕೂ ಸೇರಿಸಿ ಒಬ್ಬರ ಕಥೆ ನೆನಪಾಯಿತು. ಎಲಿಜಬೆತ್ ಕೆಕ್ಲಿ. 1818ರಲ್ಲಿ ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿದವರು, ತಾಯಿಯಿಂದ ಹೊಲಿಗೆ ಕಲಿತವರು. ಸೇಂಟ್ ಲೂಯಿಸ್‌ನಲ್ಲಿದ್ದಾಗ ಎರಡು ವರ್ಷ ಐದು ತಿಂಗಳು ಅವರ ಸೂಜಿಯ ದುಡಿಮೆಯಿಂದ 17 ಜನರ ಹೊಟ್ಟೆ ತುಂಬಿತ್ತು ಅಂತ ಅವರೇ ಬರೆದಿದ್ದಾರೆ. ಅದರಲ್ಲಿ ಅವರ ಒಡೆಯನ ಮನೆಯವರೂ ಸೇರಿದ್ದರು. ತನಗೆ ಮತ್ತು ಮಗನಿಗೆ ಬಿಡುಗಡೆ ಪಡೆಯಲು 1,200 ಡಾಲರ್ ಬೇಕಿತ್ತು. ಅವರ ಹತ್ತಿರ ಬಟ್ಟೆ ಹೊಲಿಸುತ್ತಿದ್ದ ಹೆಂಗಸರು ಸಾಲವಾಗಿ ಹೊಂದಿಸಿಕೊಟ್ಟರು. 1855ರಲ್ಲಿ ಇಬ್ಬರೂ ಸ್ವತಂತ್ರರಾದರು. ಆ ಸಾಲವನ್ನು ಕೆಕ್ಲಿ ಹೊಲಿದೇ ತೀರಿಸಿದರು. ಮುಂದೆ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಲಿಂಕನ್ ಅವರ ಹೆಂಡತಿಗೆ ಬಟ್ಟೆ ಹೊಲಿಯುವಷ್ಟು ಹೆಸರಾದರು. ಆ ಮಗ 1861ರಲ್ಲಿ ಯುದ್ಧದಲ್ಲಿ ಸತ್ತ.

ನನಗೆ ಇದರಲ್ಲಿ ತಟ್ಟಿದ್ದು ಏನು ಗೊತ್ತಾ? 17 ಜನ ಅಂತ ಅವರು ಎಣಿಸಿಟ್ಟಿದ್ದರು. ಎಷ್ಟು ತಿಂಗಳು ಅನ್ನುವುದನ್ನೂ ಎಣಿಸಿದ್ದರು. ಪ್ರೀತಿಯಿಂದ ದುಡಿದವರು ಲೆಕ್ಕ ಇಡುವುದಿಲ್ಲ ಅಂತ ಹೇಳುತ್ತಾರೆ. ಕೆಕ್ಲಿ ಇಟ್ಟರು. ನಿಮ್ಮ ಅಮ್ಮನೂ ಚೀಟಿ ಪೋಣಿಸಿದರು.

ಸಂಜೆದೀಪ

ಒಂದು ಮಾತು ಸೇರಿಸಬಹುದಾ? ನನ್ನ ತಾಯಿಯೂ ಮನೆಯಲ್ಲೇ ಕೂತು ಬಟ್ಟೆಗೆ ಗುಂಡಿ ಹಚ್ಚುವ ಕೆಲಸ ಮಾಡುತ್ತಿದ್ದರು. ಯಾರು ಕೇಳಿದರೂ "ಅಮ್ಮ ಮನೆಯಲ್ಲೇ ಇರ್ತಾರೆ" ಅಂತಲೇ ನಾವು ಹೇಳುತ್ತಿದ್ದೆವು. ಅರ್ಜಿಗಳಲ್ಲಿ ತಾಯಿಯ ಉದ್ಯೋಗ ಅನ್ನುವ ಜಾಗದಲ್ಲಿ ಗೃಹಿಣಿ ಅಂತ ನಾನೇ ತುಂಬಿದ್ದೇನೆ. ಮನೆಯಲ್ಲಿ ಕೂತು ದುಡಿಯುವವರೂ ಕಾರ್ಮಿಕರೇ, ಅವರಿಗೂ ಬೇರೆ ಕಾರ್ಮಿಕರ ಹಾಗೆ ಹಕ್ಕು ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಒಂದು ಒಪ್ಪಂದವನ್ನೇ ಮಾಡಿದೆ, 177ನೆಯದು. ಅದು ಓದಿದ ದಿನ ನಾನು ತುಂಬಿದ ಆ ಅರ್ಜಿಗಳೆಲ್ಲ ನೆನಪಾದವು.

ಹಳೇಕತ್ತರಿ

ಆ ಒಪ್ಪಂದದ ಬಗ್ಗೆ ಸ್ವಲ್ಪ ತಿದ್ದುತ್ತೇನೆ, ತಪ್ಪು ತಿಳಿಯಬೇಡಿ. ಅದು ಇನ್ನೊಬ್ಬರಿಗೆ, ಅವರು ಹೇಳಿದ ಹಾಗೆ, ಕೂಲಿಗೆ ಮನೆಯಲ್ಲಿ ಮಾಡಿಕೊಡುವವರಿಗೆ. ಸ್ವಂತ ಗಿರಾಕಿ ಇಟ್ಟುಕೊಂಡು ಸ್ವತಂತ್ರವಾಗಿ ದುಡಿಯುವವರು ಅದರಲ್ಲಿ ಬರುವುದಿಲ್ಲ. ಅಂದರೆ ಈ ತಂಗಿಯ ಅಮ್ಮ ಕಾಲರ್ ಹೊಲಿದ ಆ ನಾಲ್ಕು ವರ್ಷ ಆ ಲೆಕ್ಕಕ್ಕೆ ಬರುತ್ತದೆ, ಆಮೇಲಿನದ್ದು ಅವರೇ ಯಜಮಾನಿ. ಇದನ್ನು ಯಾಕೆ ಹೇಳಿದೆ ಅಂದರೆ, ಕೂಲಿಯಿಂದ ಸ್ವಂತಕ್ಕೆ ದಾಟುವುದು ಸುಲಭ ಅಲ್ಲ. ಪೀಸ್ ಲೆಕ್ಕದಲ್ಲಿ ಹೊಲಿಯುವವರಿಗೆ ಕಟಿಂಗ್ ಮಾಡಿದ ಬಟ್ಟೆ ಬರುತ್ತದೆ. ಕತ್ತರಿ ಅವರ ಕೈಗೆ ಬರುವುದೇ ಇಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬೇರೆಯವರ ಬಟ್ಟೆ ಹಾಳು, ಹೊಸದು ತಂದುಕೊಡಬೇಕು. ಮೊದಲ ಗಿರಾಕಿಯ ಬಟ್ಟೆಗೆ ಕತ್ತರಿ ಇಡಲು ಎಷ್ಟು ಧೈರ್ಯ ಬೇಕು, ಅದೂ ಇಬ್ಬರು ಮಕ್ಕಳು ಮತ್ತು ಕಾಯಿಲೆಯ ಗಂಡನನ್ನು ಮನೆಯಲ್ಲಿಟ್ಟುಕೊಂಡು.

ನೀಲಿದಾರ

ಅಕ್ಕಾ, ನಾನು ನಿಮ್ಮ ಹಾಗೆ ಟೈಲರ್ ಒಬ್ಬರ ಹತ್ತಿರ ಬೆಳೆದವಳು, ಮಗಳಲ್ಲ, ಕಲಿಯಲು ಹೋದವಳು. ಅಳತೆ ಪುಸ್ತಕದ ಬಗ್ಗೆ ನನ್ನ ಅನಿಸಿಕೆ ಹೇಳುತ್ತೇನೆ.

ಟೈಲರ್‌ಗೆ ಗೊತ್ತಿರುವಷ್ಟು ಒಬ್ಬರ ವಿಷಯ ಅವರ ಮನೆಯವರಿಗೂ ಗೊತ್ತಿರುವುದಿಲ್ಲ. ಯಾರ ಸೊಂಟ ಆರು ತಿಂಗಳಲ್ಲಿ ಮೂರು ಇಂಚು ಇಳಿದಿದೆ, ಯಾರಿಗೆ ಒಂದು ಭುಜ ತಗ್ಗು, ಯಾರು ಬಸುರಿ ಅಂತ ಇನ್ನೂ ಯಾರಿಗೂ ಹೇಳಿಲ್ಲ, ಯಾರಿಗೆ ಆಪರೇಷನ್ ಆಗಿ ಒಂದು ಕಡೆ ಒಳಗೆ ಬಟ್ಟೆ ತುಂಬಿ ಹೊಲಿಯಬೇಕು. ಎಲ್ಲ ಟೇಪಿಗೆ ಗೊತ್ತಾಗುತ್ತದೆ. ನನಗೆ ಕಲಿಸಿದವರು ಮೊದಲ ದಿನವೇ ಹೇಳಿದ್ದು, ಅಳತೆ ತೆಗೆಯುವಾಗ ಅಂಕಿಯನ್ನು ಗಟ್ಟಿಯಾಗಿ ಹೇಳಬಾರದು. ಎರಡು ಅಂಕಿ ನೆನಪಿಟ್ಟುಕೊಂಡು ಬರೆಯಬೇಕು, ಮತ್ತೆ ಎರಡು. ಪಕ್ಕದಲ್ಲಿ ಬೇರೆ ಗಿರಾಕಿ ಇರುತ್ತಾರಲ್ಲ.

ಹಾಗಾಗಿ ಆ ಪುಸ್ತಕಗಳನ್ನು ಭಾನುವಾರ ಮೇಜಿನ ಮೇಲೆ ನೋಡಲು ಇಡಬೇಡಿ. ಫೋಟೋ ಹಾಕಬೇಡಿ. ಯಾರಾದರೂ ತಮ್ಮ ಪುಟ ಕೇಳಿದರೆ ಕೊಡಿ. ಉಳಿದದ್ದು ಮುಚ್ಚಿಯೇ ಇರಲಿ.

ಮುಗಿಯದ ಬಟ್ಟೆಗೆ ಮಾತ್ರ ನೀವೇ ಫೋನ್ ಮಾಡಿ, ಅವರು ಕೇಳಲಿ ಅಂತ ಕಾಯಬೇಡಿ. ಹೀಗಾಗಿದೆ, ಬಟ್ಟೆ ಇಷ್ಟು ಮುಗಿದಿದೆ, ಹಾಗೇ ಬೇಕಾ ಅಥವಾ ಮುಗಿಸಿಕೊಡಲಾ ಅಂತ ಕೇಳಿ. ಮುಂಗಡ ಕೊಟ್ಟಿದ್ದರೆ ಲೆಕ್ಕ ನೋಡಿ. ಅವರ ಹೆಸರಿಗೆ ಒಂದು ಬಾಕಿಯೂ ಇರಬಾರದು, ಅಲ್ವಾ.

ಮಡಿಕೆಗೆರೆ

ತಂಗೀ, ತುಂಬಾ ಥ್ಯಾಂಕ್ಸ್. ನಾನು ಆ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಬೇಕು ಅಂತಲೇ ಇದ್ದೆ. ಈಗ ತೆರೆದು ನೋಡಿದರೆ ಅಮ್ಮ ಹೆಸರನ್ನೂ ಪೂರ್ತಿ ಬರೆದಿಲ್ಲ. ಗೇಟಿನ ಬಣ್ಣ, ಮಕ್ಕಳ ಸಂಖ್ಯೆ, ಹೀಗೆ ತಮಗೆ ಮಾತ್ರ ಗೊತ್ತಾಗುವ ಗುರುತು ಹಾಕಿದ್ದಾರೆ. "ಹಸಿರು ಗೇಟು, ಎಡಭುಜ ಅರ್ಧ ಕಡಿಮೆ, ಕೇಳಬೇಡ." ಈ "ಕೇಳಬೇಡ" ತಮಗೇ ಬರೆದುಕೊಂಡದ್ದು.

ಒಂದು ಪುಟದಲ್ಲಿ ನಾನಿದ್ದೇನೆ. ಏಳನೇ ವರ್ಷದಿಂದ ಇಪ್ಪತ್ತಮೂರರ ತನಕ, ಒಂದರ ಕೆಳಗೊಂದು ಅಳತೆ. ಹದಿಮೂರನೇ ವಯಸ್ಸಿನ ಸಾಲಿನ ಪಕ್ಕ "ಸಡಿಲ ಇರಲಿ, ಮುಜುಗರ" ಅಂತ ಇದೆ. ಆ ವರ್ಷ ನನ್ನ ಬಟ್ಟೆ ಎಲ್ಲ ಯಾಕೋ ಸ್ವಲ್ಪ ದೊಡ್ಡದಾಗಿ ಬರುತ್ತಿತ್ತು. ಅಳತೆ ತಪ್ಪಿದೆ ಅಂತ ನಾನು ರೇಗಿದ್ದೂ ಉಂಟು, ಆದರೆ ಅದನ್ನೇ ಹಾಕಿಕೊಂಡು ನೆಮ್ಮದಿಯಾಗಿ ಓಡಾಡುತ್ತಿದ್ದೆ. ನಾನು ಅವರಿಗೆ ಏನೂ ಹೇಳಿರಲಿಲ್ಲ.

ಬಿಳಿಹಾಳೆ

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಆದರೆ ನಿಮ್ಮ ತಮ್ಮನ ಪರವಾಗಿ ಒಂದು ಮಾತು. ತ್ಯಾಗ ಅನ್ನುವ ಪದ ಸವೆದುಹೋಗಿದೆ, ಒಪ್ಪುತ್ತೇನೆ. ಆದರೂ ಆರು ಸಲ ಬರೆದವನಿಗೆ ಏನೋ ಹೇಳಬೇಕಿದೆ, ಪದ ಸಿಕ್ಕಿಲ್ಲ ಅನ್ನಿಸುತ್ತದೆ. ಕೇಳಿ ನೋಡಿ. "ಯಾವಾಗ ನಿನಗೆ ಹಾಗನ್ನಿಸಿತು" ಅಂತ ಕೇಳಿ. ಯಾಕೆ ಅಂತ ಕೇಳಿದರೆ ವಾದ ಮಾಡುತ್ತಾರೆ. ಯಾವಾಗ ಅಂತ ಕೇಳಿದರೆ ಒಂದು ದಿನ ನೆನಪಾಗುತ್ತದೆ.

ಮಡಿಕೆಗೆರೆ

ಅವನಿಗೆ ಇದೆಲ್ಲ ಓದಲು ಕಳಿಸಿದ್ದೇನೆ. ಇನ್ನೂ ಏನೂ ಹೇಳಿಲ್ಲ.

ಸಂಜೆದೀಪ

ನಾವೂ ಕಾಯುತ್ತೇವೆ. ಅಷ್ಟರಲ್ಲಿ ನನ್ನದೊಂದು ನೋವು ಹೇಳಿಕೊಳ್ಳುತ್ತೇನೆ. ನನ್ನ ಅಮ್ಮನಿಗೆ ಗುಂಡಿ ಕೆಲಸ ಕೊಡುತ್ತಿದ್ದವರು ಒಂದು ವರ್ಷ ಕೊನೆಯ ಮೂರು ತಿಂಗಳ ಕೂಲಿ ಕೊಡಲೇ ಇಲ್ಲ. ಅಮ್ಮ ಎರಡು ಸಲ ಹೋಗಿ ಕೇಳಿದರು, ಆಮೇಲೆ ಹೋಗಲಿಲ್ಲ. ನಮಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಒಂದು ಪೈಸೆ ಕಡಿಮೆ ಮಾಡಲಿಲ್ಲ. ತಮ್ಮ ಕನ್ನಡಕ ಬದಲಾಯಿಸುವುದನ್ನು ಮುಂದೂಡಿದರು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಒಡೆದ ಕನ್ನಡಕದ ಕಾಲಿಗೆ ಗುಂಡಿ ದಾರ ಸುತ್ತಿದ್ದು ಒಂದು ಪೆಟ್ಟಿಗೆಯಲ್ಲಿ ಸಿಕ್ಕಾಗ. ಎಷ್ಟು ಚೊಕ್ಕವಾಗಿ ಸುತ್ತಿದ್ದರು ಅಂದರೆ, ಗುಂಡಿಯ ಬುಡಕ್ಕೆ ಸುತ್ತುವ ಹಾಗೆಯೇ, ಒಂದರ ಮೇಲೊಂದು ಹತ್ತದೆ. ನನ್ನ ಹತ್ತಿರ ಈಗಲೂ ಇದೆ.

ಕಿರಿಯವನು

ನಾನು ತಮ್ಮ. ಅಕ್ಕ ಕಳಿಸಿದ್ದನ್ನು ಎಲ್ಲ ಓದಿದೆ. ಎರಡು ಸಲ ಓದಿದೆ.

ಹಳೇಕತ್ತರಿ ಅವರು ಒಂದು ಪ್ರಶ್ನೆ ಕೇಳಿದ್ದೀರಿ, ಕಾಜಾ ರಾತ್ರಿ ಯಾಕೆ ಅಂತ. ಅದಕ್ಕೆ ಉತ್ತರ ನನಗೆ ಗೊತ್ತು ಸರ್. ಅಕ್ಕನಿಗೆ ಗೊತ್ತಿಲ್ಲ, ಯಾಕೆಂದರೆ ಅವಳು ಮಲಗಿದರೆ ಬೆಳಗ್ಗೆ ತನಕ ಏಳುತ್ತಿರಲಿಲ್ಲ.

ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ರಾತ್ರಿ ನಿದ್ದೆ ಹತ್ತುವುದೇ ಕಷ್ಟ, ಹತ್ತಿದರೂ ಸಣ್ಣ ಸದ್ದಿಗೆ ಎಚ್ಚರ. ಎಚ್ಚರ ಆದರೆ ಕೆಮ್ಮು ಶುರು, ಮತ್ತೆ ಎರಡು ಮೂರು ಗಂಟೆ ಕೂತೇ ಇರಬೇಕು. ನಾವೆಲ್ಲ ಮಲಗುತ್ತಿದ್ದದ್ದು ಆ ಮುಂದಿನ ಕೋಣೆಯ ಪಕ್ಕದಲ್ಲೇ, ಮಧ್ಯೆ ಬಾಗಿಲು ಇರಲಿಲ್ಲ, ಒಂದು ಪರದೆ. ಪೆಡಲ್ ತುಳಿದರೆ ನೆಲವೇ ಅದುರುತ್ತಿತ್ತು. ಹಾಗಾಗಿ ನಾನು ಮಲಗಿದ ಮೇಲೆ ಅಮ್ಮ ಮಷಿನ್ ಮುಟ್ಟುತ್ತಿರಲಿಲ್ಲ. ಸದ್ದು ಮಾಡದ ಕೆಲಸ ಯಾವುದೋ ಅದನ್ನೆಲ್ಲ ರಾತ್ರಿಗೆ ಎತ್ತಿಡುತ್ತಿದ್ದರು. ಕತ್ತರಿಯನ್ನೂ ಬಟ್ಟೆಯ ಮೇಲೆ ಇಡುತ್ತಿದ್ದರು, ಮೇಜಿನ ಮೇಲೆ ಇಟ್ಟರೆ ಟಣ್ ಅನ್ನುತ್ತದೆ ಅಂತ.

ನನಗೆ ಹನ್ನೆರಡು ಇರಬೇಕು. ಒಂದು ರಾತ್ರಿ ಎಚ್ಚರ ಆಯಿತು, ಪರದೆ ಸರಿಸಿ ನೋಡಿದೆ. ಅಮ್ಮ ದೀಪದ ಹತ್ತಿರ ಬಗ್ಗಿ ಕಾಜಾ ಹಾಕುತ್ತಿದ್ದರು. ಒಂದು ಹೊಲಿಗೆ ಹಾಕುವುದು, ಕಣ್ಣು ಮುಚ್ಚಿ ತೆರೆಯುವುದು, ಮತ್ತೊಂದು ಹಾಕುವುದು. ನಾನು "ಅಮ್ಮಾ, ಮಷಿನ್ ಕೆಲಸ ಮಾಡು, ನಂಗೆ ಈಗ ಎಚ್ಚರ ಆಗಲ್ಲ, ವಾಸಿ ಆಗಿದೆ" ಅಂದೆ. ಆಗ ನಿಜವಾಗಿ ವಾಸಿಯಾಗುತ್ತಾ ಬಂದಿತ್ತು. ಅವರು "ಮಲಗು ಕಂದಾ" ಅಂದರು. ಅಷ್ಟೇ. ನಾನು ಕಾಲೇಜಿಗೆ ಬೇರೆ ಕಡೆ ಹೋದ ಮೇಲೂ ಅವರು ಅದನ್ನೇ ಮುಂದುವರಿಸಿದರು, ಅಭ್ಯಾಸ ಆಗಿಬಿಟ್ಟಿತ್ತು.

ಆಮೇಲೆ ಅವರ ಕಣ್ಣು ಕೆಟ್ಟಿತು. ಡಾಕ್ಟರ್ ವಯಸ್ಸು ಅಂದರು. ಇರಬಹುದು. ಆದರೆ ನಾನು ಅದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಬರೆಯಲು ಕೂತಾಗ ಇದನ್ನು ಬರೆಯಲು ಆಗಲಿಲ್ಲ. ಆ ಪದ ಆರು ಸಲ ಬಂತು.

ಅಕ್ಕಾ, ನಿನಗೆ ಕೋಪ ಬಂದಿದ್ದು ಸರಿಯೇ. ಆ ಪುಟ ಬಿಟ್ಟುಬಿಡು.

ಹಳೇಕತ್ತರಿ

ತಮ್ಮಾ, ಉತ್ತರ ಕೊಟ್ಟದ್ದಕ್ಕೆ ನಿಮಗೆ ನಮಸ್ಕಾರ. ಕಣ್ಣಿನ ವಿಷಯ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ. ನಾನು ಬೆಳಗಿನ ಬೆಳಕಲ್ಲೇ ಕಾಜಾ ಹಾಕಿದವನು, ನನಗೂ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ವಯಸ್ಸಾದವರಿಗೆ ಬರುತ್ತದೆ, ಸೂಜಿ ಹಿಡಿಯದವರಿಗೂ ಬರುತ್ತದೆ. ನಿಮ್ಮ ಅಮ್ಮ ಕೆಲಸವನ್ನು ಎರಡು ಪಾಲು ಮಾಡಿದರು, ಸದ್ದಿನದ್ದು ಮತ್ತು ಸದ್ದಿಲ್ಲದ್ದು. ನಲವತ್ತು ವರ್ಷದಲ್ಲಿ ನನಗೆ ಹಾಗೆ ವಿಂಗಡಿಸಬೇಕು ಅಂತ ಒಂದು ಸಲವೂ ಹೊಳೆದಿಲ್ಲ, ನನ್ನ ಮಕ್ಕಳು ಮಷಿನ್ ಸದ್ದಲ್ಲೇ ಮಲಗಿದರು. ಕೆಲಸದ ಬಗ್ಗೆ ಅಷ್ಟು ತಿಳಿದವರು ಮಾತ್ರ ಹಾಗೆ ವಿಂಗಡಿಸಲು ಸಾಧ್ಯ. ಅಕ್ಕ ತಮ್ಮ ಇಬ್ಬರೂ ಒಂದೇ ವಿಷಯ ಹೇಳುತ್ತಿದ್ದೀರಿ.

ಮಡಿಕೆಗೆರೆ

ನಿನ್ನೆ ರಾತ್ರಿ ಅವನ ಜೊತೆ ಎರಡು ಗಂಟೆ ಫೋನಿನಲ್ಲಿ ಮಾತಾಡಿದೆ. ಜಾಸ್ತಿ ಹೊತ್ತು ಇಬ್ಬರೂ ಸುಮ್ನೆ ಇದ್ದೆವು. ಭಾನುವಾರ ಇಬ್ಬರೂ ಮಾತಾಡುತ್ತೇವೆ, ನಾನು ಸ್ಕರ್ಟಿನ ಪಟ್ಟಿ, ಅವನು ಕಾಜಾ. ಮಧ್ಯೆ ಆ "ನಂದು" ಚೀಟಿ. ತಲಾ ಎರಡೂವರೆ ನಿಮಿಷ, ಗಡಿಯಾರ ನೋಡಿಕೊಂಡು ಓದಿದ್ದೇವೆ. ಅಳತೆ ಪುಸ್ತಕ ಕಪಾಟಿನಲ್ಲಿ ಇರುತ್ತದೆ. ಮಷಿನ್ ಬೆಲ್ಟ್ ತೆಗೆದಿದ್ದೇನೆ, ನೀಲಿ ದಾರವನ್ನು ಕಾಗದಕ್ಕೆ ಸುತ್ತಿಟ್ಟಿದ್ದೇನೆ.

ಏಳು ಜನರಿಗೂ ಫೋನ್ ಮಾಡಿದೆ. ಒಬ್ಬರೂ ಹಾಗೇ ಕೊಡಿ ಅನ್ನಲಿಲ್ಲ, ಮುಗಿಸಿಯೇ ಕೊಡಿ, ಯಾವಾಗ ಆದರೂ ಆಗಲಿ ಅಂದರು. ನನಗೆ ಮಷಿನ್ ಅಷ್ಟು ಬರುವುದಿಲ್ಲ. ಹೆಮ್ಮಿಂಗ್ ಮಾತ್ರ ಅಮ್ಮ ಕಲಿಸಿದ್ದರು. ಅಣ್ಣಾ, ಯೂನಿಫಾರ್ಮ್ ಸ್ಕರ್ಟ್ ಒಂದಿದೆ, ಅಂಚು ಮಾತ್ರ ಬಾಕಿ, ಹೊರಗೆ ಹೊಲಿಗೆ ಕಾಣದ ಹಾಗೆ ಮಾಡಲು ಒಂದು ಸಲ ನೆನಪಿಸುತ್ತೀರಾ?

ಹಳೇಕತ್ತರಿ

ಬರೆದುಕೊಳ್ಳಿ. ಸಣ್ಣ ಸೂಜಿ, ಒಂಟಿ ದಾರ, ಮೊಳಕೈ ಉದ್ದಕ್ಕಿಂತ ಜಾಸ್ತಿ ಬೇಡ, ಸಿಕ್ಕಾಗುತ್ತದೆ. ಮೊದಲು ಮಡಿಸಿ ಇಸ್ತ್ರಿ ಮಾಡಿ, ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಆಮೇಲೆ ಮಡಿಕೆಯ ಕಡೆ ಸ್ವಲ್ಪ ಜಾಸ್ತಿ ಬಟ್ಟೆ ಹಿಡಿಯಿರಿ, ಹೊರಗಿನ ಬಟ್ಟೆಯಲ್ಲಿ ಒಂದೇ ಎಳೆ, ಎರಡಲ್ಲ. ದಾರ ಬಿಗಿಯಾಗಿ ಎಳೆಯಬೇಡಿ. ಬಿಗಿದರೆ ಹೊರಗೆ ಸಣ್ಣ ಗುಳಿ ಬೀಳುತ್ತದೆ, ಒಂದೊಂದು ಹೊಲಿಗೆಯೂ ಗೊತ್ತಾಗುತ್ತದೆ. ಒಳಗೆ ಮಡಿಕೆ ಎಷ್ಟು ಬಿಟ್ಟಿದ್ದಾರೆ ನೋಡಿ, ಅದನ್ನು ಕತ್ತರಿಸಬೇಡಿ.

ಮಡಿಕೆಗೆರೆ

ಮೂರು ಇಂಚು ಬಿಟ್ಟಿದ್ದಾರೆ. ಮೂರು ವರ್ಷಕ್ಕೆ ಆಗುವಷ್ಟು.

ಹೆಮ್ಮಿಂಗ್ ಮುಗಿಸಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು, ಎರಡು ಸಲ ಬಿಚ್ಚಿದೆ. ಸಂಜೆ ಆ ಹುಡುಗಿ ಅವಳ ಅಮ್ಮನ ಜೊತೆ ಬಂದಳು. ಹಾಕಿಕೊಂಡು ಕೋಣೆಯ ಮಧ್ಯೆ ನಿಂತು ಒಂದು ಸುತ್ತು ತಿರುಗಿದಳು. ನಾನು ಬಗ್ಗಿ ಅಂಚು ನೋಡಿದೆ. ಹೊರಗೆ ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ.

ನೀಲಿದಾರ ತಂಗಿಗೆ ಮೆಸೇಜ್ ಮಾಡಿದ್ದೇನೆ, ಮಷಿನ್ ಕೆಲಸ ಇರುವ ಐದು ಬಟ್ಟೆ ಅವಳು ಬಂದು ಮುಗಿಸಿಕೊಡುತ್ತಾಳಂತೆ. ನನಗೆ ಇನ್ನೊಂದು ಉಳಿದಿದೆ. ಕಪ್ಪು ಪ್ಯಾಂಟು, ಕಾಲಿನ ಅಂಚು. ಈಗ ರಾತ್ರಿ ಆಗಿದೆ, ನಾಳೆ ಬೆಳಗ್ಗೆ ಮಾಡುತ್ತೇನೆ.